ಢಿಶುಂ ಸದ್ದು, ಅಮ್ಮನ ಫೋನು



ಹೋದ ಭಾನುವಾರ ಅಪ್ಪರ್ ಹಿಲ್‌ನ ನಮ್ಮ ರೂಮಲ್ಲಿ ನಾಲ್ಕು ಜನ ಸೇರಿ 'ಪುಷ್ಪಕ ವಿಮಾನ' ನೋಡಿದ್ವಿ. 1987ರದ್ದು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಕಮಲ್ ಹಾಸನ್ ನಾಯಕ. ಇಡೀ ಸಿನಿಮಾದಲ್ಲಿ ಮಾತಿಲ್ಲ. ಹಾಗಾಗಿ ಸದ್ದಿನ ಮೇಲೇ ನಮ್ಮ ಕಿವಿ.

ಸಿನಿಮಾದಲ್ಲಿ ನಾವು ಕೇಳೋ ಸದ್ದು ಬಹಳಷ್ಟು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕುದುರೆ ಓಟಕ್ಕೆ ತೆಂಗಿನ ಕರಟ ಕುಟ್ಟುತ್ತಾರೆ. ಮೂಳೆ ಮುರಿಯೋದಕ್ಕೆ ಸೆಲರಿ ದಂಟು ಮುರೀತಾರೆ. ಬಾಣಲೆಯಲ್ಲಿ ಹುರಿಯೋ ಚುರುಚುರು ಸದ್ದು ಮಳೆಯಾಗುತ್ತೆ. ಈ ಕೆಲಸಕ್ಕೆ 'ಫೋಲಿ' ಅಂತ ಹೆಸರು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜಾಕ್ ಫೋಲಿ ಎಂಬುವರಿಂದ ಬಂದದ್ದು. ನಿಜವಾದ ಗುದ್ದಿಗೆ ಢಿಶುಂ ಅನ್ನೋ ಸದ್ದೇ ಇಲ್ಲ. ಆದರೆ ಢಿಶುಂ ಇಲ್ಲದಿದ್ದರೆ ಪೆಟ್ಟು ಬಿತ್ತು ಅಂತ ನಾವೇ ನಂಬಲ್ಲ. ಹಳೇ ಟಾರ್ಜನ್ ಸಿನಿಮಾಗಳ ಆಫ್ರಿಕಾ ಕಾಡಲ್ಲಿ ನಕ್ಕಂತೆ ಕೂಗೋ ಹಕ್ಕಿ ಆಸ್ಟ್ರೇಲಿಯಾದ ಕುಕಬರಾ! ಇಲ್ಲಿ ನಮ್ಮನ್ನು ದಿನಾ ಎಬ್ಬಿಸೋದು 'ಹಾ-ಡಾ-ಡಾ' ಅನ್ನೋ ಹಡಾಡಾ ಹಕ್ಕಿ.

ನಾನೂ ಒಂದಷ್ಟು ದಿನ ಇಂಥದ್ದೇ ಕೆಲಸ ಮಾಡಿದ್ದೆ. ಅಪ್ಪರ್ ಹಿಲ್ ತುಂಬ ಆಸ್ಪತ್ರೆಗಳು. ಹೊತ್ತಿಲ್ಲ ಗೊತ್ತಿಲ್ಲ ಆಂಬುಲೆನ್ಸ್ ಓಡಾಡ್ತಾವೆ. ಬಂದ ಹೊಸತರಲ್ಲಿ ಫೋನಿನಲ್ಲಿ ಆ ಸೈರನ್ ಕೇಳಿದ್ರೆ ಸಾಕು, ಅಮ್ಮ "ಏನಾಯ್ತೋ ಮಗಾ?" ಅಂತ ನಡುಗ್ತಿದ್ಲು. ಸಿನಿಮಾದಲ್ಲಿ ಸೈರನ್ ಬಂತೆಂದ್ರೆ ಸಾವೋ ಪೊಲೀಸೋ ಅಲ್ವಾ! ಅದಕ್ಕೇ ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಮಾತಾಡೋಕೆ ಶುರು ಮಾಡಿದೆ. ಒಂದು ವಾರ ಕಳೀತು. "ಬಾವಿಯೊಳಗಿಂದ ಮಾತಾಡ್ದಂಗೈತೆ. ಕೆಲ್ಸ ಹೋಯ್ತೇನೋ? ನಿಜ ಹೇಳು" ಅಂತ ಅತ್ತೇಬಿಟ್ಟಳು.

'ಪುಷ್ಪಕ ವಿಮಾನ'ದ ನಾಯಕನ ಕತೆಯೂ ಇದೇ. ಟಾಕೀಸಿನ ಪಕ್ಕದ ರೂಮಲ್ಲಿ ಗಲಾಟೆ ನಡುವೆ ಮಲಗಿ ಅಭ್ಯಾಸ. ದೊಡ್ಡ ಹೋಟೆಲಿನ ಮೌನದಲ್ಲಿ ನಿದ್ದೆ ಬರಲ್ಲ. ಕೊನೆಗೆ ಅದೇ ಟಾಕೀಸಿನ ಸದ್ದು ಟೇಪು ಮಾಡಿಕೊಂಡು ಬಂದು, ಹಾಕ್ಕೊಂಡು ಮಲಗ್ತಾನೆ. ಕಿವಿ ನಂಬೋದು ತನಗೆ ರೂಢಿಯಾದ ಸದ್ದನ್ನ.

ಆಮೇಲಿಂದ ನಾನು ಕಿಟಕಿ ತೆಗೆದೇ ಮಾತಾಡ್ತೀನಿ. "ಇದು ಆಂಬುಲೆನ್ಸ್ ಅಮ್ಮ, ಇದು ಮಟಾಟು ಹಾರ್ನು, ಇದು ಹಡಾಡಾ" ಅಂತ ಒಂದೊಂದೇ ಹೇಳಿಕೊಟ್ಟೆ. ನಿಮ್ಮ ಮನೆಯವರಿಗೂ ನೀವಿರೋ ಜಾಗದ ಸದ್ದು ಪರಿಚಯ ಮಾಡಿಸಿ. ಮೊನ್ನೆ ನಮ್ಮಮ್ಮ ಫೋನಿಡೋ ಮುಂಚೆ ಕೇಳಿದಳು: "ಇವತ್ತು ನಿನ್ ಹಕ್ಕಿ ಯಾಕೋ ಕೂಗ್ಲೇ ಇಲ್ಲ?"

ಮುಂದಿನ ತಿಂಗಳು ಸಿಗೋಣ.