ಫಾರ್ಮ್ಯಾಟ್ ಹೊಡೆಸೋ ಮುಂಚೆ ಒಂದ್ ಮಾತು



ಹೋದ ವಾರ ನಮ್ಮ ಸಂಘಟನೆಯ ಹಳೇ ಲ್ಯಾಪ್‌ಟಾಪ್ ಕೈಕೊಡ್ತು. ವಿಂಡೋಸ್ ಏಳಲೇ ಇಲ್ಲ. ಚಳ್ಳಕೆರೆಯ ಒಂದು ಅಂಗಡಿಗೆ ಒಯ್ದರೆ "ಫಾರ್ಮ್ಯಾಟ್ ಹೊಡೀಬೇಕು ಸಾರ್, ಡೇಟಾ ಹೋಗುತ್ತೆ" ಅಂದ್ರು. ಆ ಡೇಟಾ ಏನು ಗೊತ್ತಾ? ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಪಿಟಿಸಿಎಲ್ ಕೇಸುಗಳ ಕಾಗದ: ಮಂಜೂರಾತಿ ಆದೇಶ, ಹಳೇ ಪಹಣಿ, ಮಾಹಿತಿ ಹಕ್ಕಿನಲ್ಲಿ ಅಲೆದಾಡಿ ತೆಗೆಸಿದ ಉತ್ತರಗಳು. 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತಾದ ಮೇಲೆ ಧೂಳು ಹಿಡಿದಿದ್ದ ಈ ಕಾಗದಗಳಿಗೆ ಮತ್ತೆ ಜೀವ ಬಂದಿತ್ತು. ಕೆಲವರ ಮನೇಲಿ ಮೂಲಪ್ರತಿ ಗೆದ್ದಲು ತಿಂದಾಗಿದೆ. ಅವರಿಗೆ ಆ ಸ್ಕ್ಯಾನ್ ಒಂದೇ ಗತಿ.

ವಿಂಡೋಸ್ ಸತ್ತರೆ ಫೈಲು ಸತ್ತಂಗಲ್ಲ. ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ಗೆ ಹಾಕ್ಕೊಂಡು, ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿದೆ. ಇನ್‌ಸ್ಟಾಲ್ ಅಂತ ಒಂದು ಐಕಾನ್ ಕಾಣುತ್ತೆ, ಅದನ್ನ ಮುಟ್ಬೇಡಿ. ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವನ್ನು ಲಿನಕ್ಸ್ ಓದುತ್ತೆ. ನಮ್ಮದು ಓದೋಕೆ ಮಾತ್ರ ತೆರೀತು, ಬರೆಯೋಕೆ ಬಿಡಲಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮಲಗಿರಲ್ಲ, ಅರೆನಿದ್ದೆಯಲ್ಲಿರುತ್ತೆ, ಅದಕ್ಕೆ. ಒಳ್ಳೇದೇ ಆಯ್ತು, ಉಳಿಸೋಕೆ ಓದಿದ್ರೆ ಸಾಕು. ಇನ್ನೊಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿ ಆರ್‌ಸಿಂಕ್‌ನಲ್ಲಿ ನಕಲು ತೆಗೆದೆ. ಓದುವಾಗಲೇ ಎರರ್ ಬರ್ತಿದ್ರೆ ಹೀಗೆ ಮಾಡ್ಬೇಡಿ. ಮೊದಲು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಅದರ ಮೇಲೆ ಕೆಲಸ ಮಾಡಿ. ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀಯನ್ನ ಇವತ್ತೇ ಕಾಗದದಲ್ಲಿ ಬರೆದಿಡಿ.

ಒಂದ್ ಗಳಿಗೆ ಎದೆ ಧಸಕ್ ಅಂತು. ಹಳೇ ಅರ್ಜಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ! ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಅಷ್ಟೆ. ಯೂನಿಕೋಡ್‌ಗೆ ಪರಿವರ್ತಿಸಿದಾಗ ಕನ್ನಡ ಬಂತು.

ತಪ್ಪು ಅಂಗಡಿಯವರ ಮೇಲೆ ಹಾಕಲ್ಲ, ನಂದೇ. ಅಷ್ಟು ಜನರ ದಾಖಲೆ ಒಂದೇ ಡಬ್ಬದಲ್ಲಿಟ್ಟು, ಪಾಸ್‌ವರ್ಡ್ ನಾನೊಬ್ಬನೇ ಇಟ್ಕೊಂಡಿದ್ದೆ. ಕಚೇರಿಯಲ್ಲಿ "ಕಡತ ಸಿಗ್ತಿಲ್ಲ" ಅಂದಾಗೆಲ್ಲ ಧರಣಿ ಕೂತವರು ನಾವು. ನಮ್ಮ ಕಡತ ನಾವೇ ಕಳೆದರೆ ಯಾರ ಮುಂದೆ ಕೂರೋದು?

ಮೊಳಕಾಲ್ಮೂರಿನವರಿಗಂತೂ ಇದು ಹೊಸ ಪಾಠ ಆಗಬಾರದು. ಅಶೋಕ ತನ್ನ ಶಾಸನವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಅಂತ ಹತ್ತಿರ ಹತ್ತಿರವೇ ಮೂರು ಕಡೆ ಕೆತ್ತಿಸಿದ್ದಾನೆ. ಜಟಿಂಗರಾಮೇಶ್ವರದ್ದು ತೀರಾ ಸವೆದಿದೆ. ಬ್ರಹ್ಮಗಿರಿದು ಓದೋಕೆ ಸಿಗುತ್ತೆ. ಸವೆದದ್ದೊಂದೇ ಇದ್ದಿದ್ರೆ?

ಈಗ ನಮ್ಮವೂ ಮೂರು ಪ್ರತಿ: ಒಂದು ಚಳ್ಳಕೆರೆಯಲ್ಲಿ, ಒಂದು ಮೊಳಕಾಲ್ಮೂರಿನ ಅಕ್ಕ ಒಬ್ಬರ ಮನೇಲಿ, ಇನ್ನೊಂದು ಜಿಲ್ಲೆಯ ಹೊರಗೆ. ದೌರ್ಜನ್ಯದ ಕೇಸುಗಳಲ್ಲಿ ಸಂತ್ರಸ್ತರ ಹೆಸರಿರೋದ್ರಿಂದ ಮೂರಕ್ಕೂ ಪಾಸ್‌ವರ್ಡ್ ಹಾಕಿದ್ದೀವಿ. ಅದು ಈಗ ಮೂವರಿಗೆ ಗೊತ್ತು.

ಭಾನುವಾರ ಪೆನ್‌ಡ್ರೈವ್ ಹಿಡ್ಕೊಂಡು ಚಳ್ಳಕೆರೇಲಿ ಕೂತಿರ್ತೀನಿ. ಏಳದ ಕಂಪ್ಯೂಟರ್ ಇದ್ದೋರು ತನ್ನಿ, ಖಾಲಿ ಹಾರ್ಡ್‌ಡಿಸ್ಕೂ ನೀವೇ ತರಬೇಕು. ಅಲ್ಲೀವರೆಗೆ ಯಾರ ಮಾತು ಕೇಳಿಯೂ ಫಾರ್ಮ್ಯಾಟ್ ಹೊಡೆಸಬೇಡಿ.