ಪಾಟಾ ಗಟ್ಟಿಯಾಯಿತು, ಬ್ರೇಕ್ ಅಷ್ಟೇ ಉಳಿಯಿತು

ಹಾವೇರಿ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ಮುಖ್ಯ ವಹಿವಾಟಿನ ದಿನಗಳು. ಹಂಗಾಮು ಬಿರುಸಾದಾಗ ಬಳ್ಳಾರಿ, ರಾಯಚೂರು ಹಾಗೂ ನೆರೆಯ ಆಂಧ್ರಪ್ರದೇಶದ ಕಡೆಯಿಂದಲೂ ಮಾಲು ಹೊತ್ತ ವಾಹನಗಳು ಬಂದು ಸಾಲುಗಟ್ಟುತ್ತವೆ. ರಾಣೆಬೆನ್ನೂರು ಮತ್ತು ಹಾವೇರಿ ಮಾರುಕಟ್ಟೆಗಳಿಗೆ ಮೆಕ್ಕೆಜೋಳ, ಹತ್ತಿ ಬರುವ ದಿನಗಳಲ್ಲೂ ಇದೇ ನೋಟ. ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ಪಿಕ್‌ಅಪ್ ವಾಹನಗಳೂ ಈ ಹೊರೆ ಹೊರುತ್ತವೆ. ಅವುಗಳ ಹಿಂಬದಿಯ ಸ್ಪ್ರಿಂಗ್‌ಗೆ ಒಂದೆರಡು ಹೆಚ್ಚುವರಿ ಪಾಟಾ ಹಾಕಿಸುವುದು ಸರಕು ಸಾಗಣೆ ವಲಯದ ಹಳೆಯ ರೂಢಿ.

ರೂಢಿಯ ಹಿಂದೆ ಕಷ್ಟವೂ ಇದೆ. ಬಾಡಿಗೆ ಚೀಲದ ಲೆಕ್ಕದಲ್ಲಿ ಸಿಗುವಾಗ ನಾಲ್ಕು ಚೀಲ ಹೆಚ್ಚು ಹೇರಿದರೆ ಸಾಲದ ಕಂತಿಗೆ ದಾರಿಯಾಗುತ್ತದೆ. ಹೊಂಡ ಬಿದ್ದ ಹಳ್ಳಿ ರಸ್ತೆಗಳಲ್ಲಿ ಪಾಟಾ ಮುರಿಯುವುದೂ ಸುಳ್ಳಲ್ಲ. ಆದರೆ ಮುರಿದದ್ದನ್ನು ಮೂಲ ಅಳತೆಯದರಿಂದಲೇ ಬದಲಿಸುವುದು ಬೇರೆ, ಹೊರುವ ಶಕ್ತಿ ಹೆಚ್ಚಿತೆಂದು ನಂಬಿ ಹೊಸದನ್ನು ಸೇರಿಸುವುದು ಬೇರೆ. ಎರಡನೆಯದು ಭಾರವನ್ನು ಹೊರುವ ಉಪಾಯವಲ್ಲ, ಮರೆಮಾಚುವ ಉಪಾಯ.

ಒಂದೂವರೆ ಟನ್ ಸಾಮರ್ಥ್ಯದ ಪಿಕ್‌ಅಪ್‌ಗೆ 60 ಕಿಲೋ ತೂಕದ 25 ಚೀಲಗಳೇ ಮಿತಿ. ಪಾಟಾ ಸೇರಿಸಿದಾಗ 40 ಚೀಲ ಹೇರಿದರೂ ಹಿಂಭಾಗ ಕುಸಿಯದು, ಗಾಡಿ ನೇರವಾಗಿ ನಿಂತಂತೆ ಕಾಣುತ್ತದೆ. ಆದರೆ ಆಕ್ಸಲ್, ಬೇರಿಂಗ್, ಟೈರ್, ಚಾಸಿ, ಬ್ರೇಕ್ ಯಾವುದೂ ಬದಲಾಗಿರುವುದಿಲ್ಲ. ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆಯೊಂದೇ ಮಾಯವಾಗಿರುತ್ತದೆ.

ಬ್ರೇಕಿನ ವಿಷಯ ಇನ್ನೂ ಗಂಭೀರ. ಹಿಂಬದಿಯ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಭಾರಕ್ಕೆ ತಕ್ಕಂತೆ ನಿರ್ಧರಿಸುವ ಕವಾಟ ಹಲವು ಪಿಕ್‌ಅಪ್‌ಗಳಲ್ಲಿ ಇರುತ್ತದೆ. ಚಾಸಿ ಮತ್ತು ಆಕ್ಸಲ್ ನಡುವಿನ ಅಂತರ ಕಡಿಮೆಯಾದಷ್ಟೂ ಭಾರ ಹೆಚ್ಚಿದೆಯೆಂದು ಅದು ಗ್ರಹಿಸುತ್ತದೆ. ಪಾಟಾ ಬಿಗಿಯಾಗಿ ಹಿಂಭಾಗ ತಗ್ಗದಿದ್ದರೆ ಗಾಡಿ ಹಗುರವಾಗಿದೆಯೆಂದೇ ಅದರ ಲೆಕ್ಕ. ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲೇ ಕಡಿಮೆ ಸಿಗುತ್ತದೆ. ಮರಳುವಾಗ ಖಾಲಿ ಗಾಡಿಯ ಹಿಂಬದಿ ಪುಟಿದು ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಮೆಣಸಿನಕಾಯಿಯದು ಮತ್ತೊಂದು ಬಗೆ: ತೂಕ ಕಡಿಮೆ, ಗಾತ್ರ ಹೆಚ್ಚು. ಎತ್ತರಕ್ಕೆ ಒಟ್ಟಿದ ಚೀಲಗಳು ತಿರುವಿನಲ್ಲಿ ಗಾಡಿಯನ್ನು ಓಲಾಡಿಸುತ್ತವೆ. ಅದಕ್ಕೆ ಪಾಟಾ ಮದ್ದಲ್ಲ.

ಈ ಮೂರೂ ಊರುಗಳ ಸಾಗಾಟ ಸೇರುವುದು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಪ್ರಯಾಣಿಕರ ವಾಹನ ಡಿಕ್ಕಿ ಹೊಡೆದು 13 ಮಂದಿ ಅಸುನೀಗಿದರು. ಆ ದುರಂತವನ್ನು ಪಾಟಾದ ತಲೆಗೆ ಕಟ್ಟಲಾಗದು. ಆದರೆ ಹೆದ್ದಾರಿಯ ಬದಿಯಲ್ಲಿ ನಿಂತ ವಾಹನ ಎಂಥ ಅಪಾಯವೆಂಬುದನ್ನು ಅದು ತೋರಿಸಿತು. ಮಿತಿಮೀರಿದ ಹೊರೆಯಿಂದ ಆಕ್ಸಲ್ ಮುರಿದ ಗಾಡಿಯೂ ಕೆಟ್ಟು ನಿಲ್ಲುವುದು ಅಂಥ ಬದಿಯಲ್ಲೇ.

ಕಾನೂನಿನಲ್ಲಿ ಕೊರತೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಅಧಿಕ ಭಾರಕ್ಕೆ 20 ಸಾವಿರ ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ 2 ಸಾವಿರ ರೂಪಾಯಿ ದಂಡ ವಿಧಿಸುತ್ತದೆ. ಹೆಚ್ಚಿನ ಮಾಲನ್ನು ಇಳಿಸಲೇಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಜನವರಿಯಲ್ಲಿ ಹೇಳಿದೆ. ಆದರೆ ರಸ್ತೆಯಲ್ಲಿ ಬೀಳುವ ದಂಡ ತಲುಪುವುದು ಚಾಲಕ, ಮಾಲೀಕರನ್ನು ಮಾತ್ರ. ಹೆಚ್ಚು ಚೀಲಕ್ಕೆ ಒತ್ತಾಯಿಸುವ ಬಾಡಿಗೆ ಪದ್ಧತಿ ಹಾಗೆಯೇ ಉಳಿಯುತ್ತದೆ.

ಮಾಲು ಕೊನೆಗೂ ಬರುವುದು ಎಪಿಎಂಸಿ ಪ್ರಾಂಗಣಕ್ಕೆ. ಗೇಟಿನಲ್ಲೇ ಮಾಲಿನ ತೂಕವನ್ನು ವಾಹನದ ನೋಂದಾಯಿತ ಮಿತಿಯೊಂದಿಗೆ ತಾಳೆ ನೋಡಿ, ಮೊದಲ ಬಾರಿಗೆ ಎಚ್ಚರಿಕೆ, ಮರುಕಳಿಸಿದರೆ ಕ್ರಮ ಎಂಬ ಪದ್ಧತಿ ತಂದರೆ ಹೆದ್ದಾರಿಯಲ್ಲಿ ಅಟ್ಟಾಡಿಸುವ ಅಗತ್ಯವೇ ಕಡಿಮೆಯಾದೀತು. ಬಾಡಿಗೆಯೂ ಚೀಲದ ಬದಲು ದೂರಕ್ಕೆ ತಕ್ಕಂತೆ ನಿಗದಿಯಾಗಬೇಕು. ಒಂದೇ ಊರಿನ ರೈತರು ಸೇರಿ ಲಾರಿ ಗೊತ್ತುಮಾಡಿಕೊಳ್ಳುವುದು ಇನ್ನೊಂದು ದಾರಿ. ನಾಲ್ಕು ಚೀಲದ ಲಾಭ ಕೈಗೆ ಬರುವುದು ಗಾಡಿ ಸುರಕ್ಷಿತವಾಗಿ ಊರು ಸೇರಿದಾಗ ಮಾತ್ರ.