ಮಳೆಯ ದಾರಿಗೆ ಮೋಟಾರು ಸೈಕಲ್ಲಿನ ಸಿದ್ಧತೆ

ಮಲೆನಾಡಿನ ಗೃಹಸ್ಥನು ಮಳೆಗೆ ಸಿದ್ಧನಾಗಿರುತ್ತಾನೆ. ನಮ್ಮ ಚಿತ್ರದುರ್ಗದ ಸೀಮೆಯ ಗೃಹಸ್ಥನಾದರೋ ಮಳೆಗಾಗಿ ಕಾದಿರುತ್ತಾನೆ. ಕಾಯುವುದು ಬೇರೆ, ಸಿದ್ಧನಾಗುವುದು ಬೇರೆ. ಹೊಲವನ್ನು ಹದಮಾಡಿ, ಬೀಜವನ್ನು ಕಟ್ಟಿಟ್ಟು, ಆಕಾಶವನ್ನು ನೋಡುತ್ತಿರುವ ಮನೆಯಲ್ಲಿಯೇ ಜಗಲಿಯ ಪಕ್ಕಕ್ಕೆ ನಿಲ್ಲಿಸಿದ ಮೋಟಾರು ಸೈಕಲ್ಲಿನ ಟೈರನ್ನು ಬಾಗಿ ನೋಡಿದವರು ವಿರಳ. ಮಳೆ ಬಿದ್ದ ದಿನ ಹೊಲಕ್ಕೆ ಜೀವ ಬರುತ್ತದೆ; ಅದೇ ಸಂಜೆ ಆ ಮನೆಯ ಮಗನು ಹೊಸದುರ್ಗದಿಂದಲೋ ಹಿರಿಯೂರಿನಿಂದಲೋ ನುಣುಪಾದ ದಾರಿಯಲ್ಲಿ ಮನೆಗೆ ಮರಳಬೇಕಾಗಿರುತ್ತದೆ. ಆದುದರಿಂದ ಈ ತಿಂಗಳು ಇದೇ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮಳೆ ಕಡಮೆಯಾದ ನಾಡಿನಲ್ಲಿ ಮಳೆಯ ಅಪಾಯವೂ ಕಡಮೆಯೆಂದು ಅನೇಕರು ತಿಳಿದಿದ್ದಾರೆ. ವಿಚಾರಮಾಡಿದರೆ ಸಂಗತಿಯು ಇದಕ್ಕೆ ವಿರುದ್ಧವಾಗಿದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ತುಂಬಿ ಕೋಡಿಬಿದ್ದಿತು; ಅನಂತರ ಅದು ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳು ಕಳೆದವು. ಇಂಥ ಸೀಮೆಯಲ್ಲಿ ವಾಹನ ನಡೆಸುವವನ ಕೈಕಾಲುಗಳು ಒಣದಾರಿಯ ಅಭ್ಯಾಸದಲ್ಲಿಯೇ ಬೆಳೆದಿರುತ್ತವೆ. ದಾರಿಯಾದರೂ ತಿಂಗಳುಗಟ್ಟಲೆ ಧೂಳನ್ನೂ, ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆಯನ್ನೂ, ಸವೆದ ರಬ್ಬರಿನ ಪುಡಿಯನ್ನೂ ಮೈಮೇಲೆ ಕೂಡಿಹಾಕಿಕೊಂಡಿರುತ್ತದೆ. ಭರಣಿಯ ಅಥವಾ ಕೃತ್ತಿಕೆಯ ಮೊದಲ ಹನಿಗಳು ಬಿದ್ದಾಗ ಇವೆಲ್ಲವೂ ಕಲಸಿ ತೆಳುವಾದ ಲೇಪವಾಗುತ್ತವೆ. ಜಡಿಮಳೆ ಬಿದ್ದು ದಾರಿ ತೊಳೆದುಹೋದ ಮೇಲೆ ಜಾರಿಕೆಯು ಎಷ್ಟೋ ತಗ್ಗುತ್ತದೆ. ಹೀಗಾಗಿ ದೊಡ್ಡ ಮಳೆಗಿಂತಲೂ ಮೊದಲ ಮಳೆಯ ಮೊದಲ ಅರ್ಧ ಗಂಟೆಯೇ ಹೆಚ್ಚು ಭಯಂಕರವಾದುದು.

ಇನ್ನು ಟೈರಿನ ಮಾತು. ನಮ್ಮ ಪೂರ್ವಿಕರು ರಥಚಕ್ರದ ಅಂಗಗಳಿಗೆ ನಾಭಿ, ಅರ, ನೇಮಿ ಎಂದು ಬೇರೆಬೇರೆ ಹೆಸರಿಟ್ಟಿದ್ದರು. ಇವುಗಳಲ್ಲಿ ನೆಲವನ್ನು ಮುಟ್ಟತಕ್ಕದ್ದು ನೇಮಿಯೊಂದೇ. ಮೋಟಾರು ಸೈಕಲ್ಲಿನಲ್ಲಿ ಆ ಕೆಲಸವು ಟೈರಿನದು. ಎಂಜಿನ್ನು ಎಷ್ಟು ಬಲವುಳ್ಳದ್ದಾದರೂ, ಬ್ರೇಕು ಎಷ್ಟು ಹೊಸದಾದರೂ, ಇಡೀ ಗಾಡಿಯೂ ಅದರ ಮೇಲಿನ ಜೀವಗಳೂ ನೆಲವನ್ನು ಹಿಡಿದಿರುವುದು ಒಂದೊಂದು ಚಕ್ರದಲ್ಲಿ ಅಂಗೈಗಿಂತಲೂ ಕಿರಿದಾದ ರಬ್ಬರಿನ ತುಂಡಿನಿಂದ. ನಡುವೆ ನೀರು ಬಂದರೆ ಆ ಹಿಡಿತ ತಪ್ಪುತ್ತದೆ. ಟೈರಿನ ಮೇಲಿರುವ ಗೆರೆಗಳು ಅಲಂಕಾರಕ್ಕಾಗಿ ಕೊರೆದವುಗಳಲ್ಲ. ಗದ್ದೆಯ ಬಸಿಗಾಲುವೆಯಂತೆ ಅಡಿಯ ನೀರನ್ನು ಪಕ್ಕಕ್ಕೆ ಹರಿಸಲಿಕ್ಕಾಗಿ ಅವು ಇವೆ. ಕಾಲುವೆ ಹೂತುಹೋದರೆ ನೀರು ಗದ್ದೆಯಲ್ಲಿಯೇ ನಿಲ್ಲುವಂತೆ, ಗೆರೆ ಸವೆದರೆ ನೀರು ಚಕ್ರದ ಅಡಿಯಲ್ಲಿಯೇ ಉಳಿಯುತ್ತದೆ.

ಆದುದರಿಂದ ಗೃಹಸ್ಥನು ಮಾಡತಕ್ಕ ಪರೀಕ್ಷೆಗಳು ಮೂರು: ಗೆರೆಯ ಆಳ, ಟೈರಿನ ವಯಸ್ಸು, ಗಾಳಿಯ ಒತ್ತಡ.

ಆಳವನ್ನು ಅಳೆಯಲು ದೊಡ್ಡ ಉಪಕರಣ ಬೇಕಾಗಿಲ್ಲ. ಒಂದು ಬೆಂಕಿಕಡ್ಡಿಯನ್ನು ಗೆರೆಯೊಳಕ್ಕೆ ನೆಟ್ಟಗೆ ಇಳಿಸಿ, ಟೈರಿನ ಮೇಲ್ಮಟ್ಟಕ್ಕೆ ಸರಿಯಾಗಿ ಉಗುರಿನಿಂದ ಗುರುತುಮಾಡಿ, ಮಕ್ಕಳ ಅಳತೆಪಟ್ಟಿಯ ಮೇಲಿಟ್ಟು ನೋಡಿದರಾಯಿತು. ಟೈರಿನ ಮಧ್ಯದಲ್ಲಿಯೂ ಎರಡು ಪಕ್ಕಗಳಲ್ಲಿಯೂ ಹೀಗೆ ನೋಡಬೇಕು. ಟೈರಿನ ಪಕ್ಕದಲ್ಲಿ ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಒಂದು ಸಣ್ಣ ದಿಣ್ಣೆಯುಂಟು. ಸವೆತವು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತೆಂದು ತಿಳಿಯತಕ್ಕದ್ದು. ಮಳೆಗಾಲಕ್ಕಾದರೋ ಅಷ್ಟರವರೆಗೆ ಕಾಯಲಾಗದು. ಆಳವು 2 ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸುವುದು ಕ್ಷೇಮ. ಹಿರಿಯೂರು, ಚಿತ್ರದುರ್ಗಗಳ ಮೇಲೆ ಹೋಗುವ ಹೆದ್ದಾರಿಯಲ್ಲಿ ದಿನವೂ ನೆಟ್ಟಗೆ ಓಡುವ ಗಾಡಿಗಳ ಹಿಂದಿನ ಟೈರು ಮಧ್ಯದಲ್ಲಿ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಪಕ್ಕದಿಂದ ನೋಡುವವನಿಗೆ ಗೆರೆಗಳು ಹೊಸದರಂತೆ ಕಾಣುತ್ತವೆ. ನೆಲವನ್ನು ಮುಟ್ಟುವ ಭಾಗದಲ್ಲಿ ಏನೂ ಉಳಿದಿರುವುದಿಲ್ಲ.

ಎರಡನೆಯದು ವಯಸ್ಸು. ನಮ್ಮ ಸೀಮೆಯವರು ಮೋಸಹೋಗುವುದು ಮುಖ್ಯವಾಗಿ ಇಲ್ಲಿಯೇ. "ಗಾಡಿ ಹೆಚ್ಚಾಗಿ ಓಡಿಯೇ ಇಲ್ಲ, ಟೈರು ಹೊಸದರಂತಿದೆ" ಎಂಬ ಮಾತನ್ನು ಮನೆಮನೆಯಲ್ಲಿಯೂ ಕೇಳಬಹುದು. ರಬ್ಬರು ಓಡಾಟದಿಂದ ಮಾತ್ರ ಕೆಡುವ ವಸ್ತುವಲ್ಲ. ಬಿಸಿಲು, ಗಾಳಿ, ಶಾಖಗಳಿಂದಲೂ ಅದು ಮುಪ್ಪಾಗುತ್ತದೆ. ಮುಪ್ಪಾದ ರಬ್ಬರು ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರು ಒದ್ದೆ ನೆಲದ ಸಣ್ಣ ಹರಳುಗಳಿಗೆ ಒಗ್ಗಿ ಕಚ್ಚಿಕೊಳ್ಳಲಾರದು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳು ಅದರ ಜಾತಕವೇ ಸರಿ: 3522 ಎಂದಿದ್ದರೆ 2022ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಬೇಕು. ಪಕ್ಕಗಳಲ್ಲಿಯೂ ಗೆರೆಗಳ ಬುಡದಲ್ಲಿಯೂ ಒಣಗಿದ ಕೆರೆಯಂಗಳದ ಬಿರುಕುಗಳಂತೆ ಕಂಡುಬಂದರೆ, ಗೆರೆ ಎಷ್ಟೇ ಆಳವಾಗಿದ್ದರೂ ಅದನ್ನು ನಂಬಕೂಡದು. ಸವೆದ ಟೈರಿಗೆ ಹೊಸದಾಗಿ ಗೆರೆ ಕೊರೆಯಿಸುವುದಂತೂ ಸರ್ವಥಾ ಸಲ್ಲದು. ಅದರಿಂದ ಉಳಿದಿರುವ ರಬ್ಬರೂ ತೆಳ್ಳಗಾಗುತ್ತದೆ.

ಮೂರನೆಯದು ಗಾಳಿ. ಮಳೆಗಾಲದಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುವುದೆಂದು ಕೆಲವರು ಉಪದೇಶಿಸುವುದುಂಟು. ಕೆಸರಿನಲ್ಲಿಯೋ ಮರಳಿನಲ್ಲಿಯೋ ನಿಧಾನವಾಗಿ ಹೋಗುವವನಿಗೆ ಅದು ಸ್ವಲ್ಪ ಒದಗೀತು; ನೀರು ನಿಂತ ಡಾಂಬರು ದಾರಿಗೆ ಅದು ತಕ್ಕ ಮಾತಲ್ಲ. ಗಾಳಿ ಕಡಮೆಯಾದ ಟೈರು ಬಾಗಿ, ಅದರ ಗೆರೆಗಳ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಹೊರಗೆ ಹೋಗಲು ದಾರಿಯಿರುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಚಕ್ರಗಳನ್ನು ನೀರು ನಿಂತ ಹಾದಿಯ ಮೇಲೆ ಓಡಿಸಿ ನೋಡಿ, ಚಕ್ರವು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದೆಂದು ಕಂಡುಕೊಂಡರು. ಎಂದರೆ ಒತ್ತಡವು ಕಾಲುಭಾಗಕ್ಕೆ ಇಳಿದರೆ ತೇಲುವ ವೇಗವು ಅರ್ಧಕ್ಕಿಳಿಯುತ್ತದೆ. ಮೋಟಾರು ಸೈಕಲ್ಲಿನ ಟೈರು ದುಂಡಾಗಿರುವುದರಿಂದ ನೀರನ್ನು ಸೀಳಿಕೊಂಡು ಹೋಗುವ ಗುಣ ಅದಕ್ಕೆ ಹೆಚ್ಚು; ಆದರೆ ಮಧ್ಯದಲ್ಲಿ ಚಪ್ಪಟೆಯಾದ ಟೈರಿಗೆ ಆ ಗುಣವೂ ಉಳಿಯುವುದಿಲ್ಲ. ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಒಬ್ಬರಿಗೆ ಇಷ್ಟು, ಇಬ್ಬರಿಗೆ ಇಷ್ಟು ಎಂದು ಒತ್ತಡವನ್ನು ನಮೂದಿಸಿರುತ್ತಾರೆ. ಅದನ್ನು ವಾರಕ್ಕೊಮ್ಮೆ, ಗಾಡಿ ಓಡಿ ಟೈರು ಬಿಸಿಯಾಗುವುದಕ್ಕೆ ಮೊದಲೇ ನೋಡಿಸತಕ್ಕದ್ದು.

ಪಂದ್ಯದಲ್ಲಿ ಓಡಿಸುವವರು ಮಳೆಗೆ ಹೇಗೆ ಸಿದ್ಧರಾಗುವರೆಂದು ಕೇಳಬಹುದು. ಅವರಿಗೆ ಮಳೆಗೆಂದೇ ಮೆತ್ತನೆಯ ರಬ್ಬರಿನ, ಆಳವಾದ ಗೆರೆಗಳ ಟೈರುಗಳುಂಟು; ಒಣದಾರಿಯಲ್ಲಿ ಅವು ಬಹುಬೇಗ ಸವೆದುಹೋಗುತ್ತವೆ. ಮೋಟೋ ಜಿ.ಪಿ. ಎಂಬ ಲೋಕಪ್ರಸಿದ್ಧ ಪಂದ್ಯದಲ್ಲಿ ಓಟದ ನಡುವೆ ಮಳೆ ಬಂದರೆ ಸವಾರನು ಒಳಗೆ ಬಂದು, ಮಳೆಯ ಟೈರು ಕಟ್ಟಿದ ಬೇರೊಂದು ಗಾಡಿಯನ್ನೇರಿ ಓಟವನ್ನು ಮುಂದುವರಿಸಬಹುದೆಂಬ ನಿಯಮವನ್ನು 2005ರಲ್ಲಿ ತಂದರು. ನಮ್ಮ ಹುಡುಗನಿಗೆ ಹೊಳಲ್ಕೆರೆಯ ದಾರಿಯಲ್ಲಿ ಮಳೆ ಹಿಡಿದರೆ ಬೇರೆ ಗಾಡಿಯನ್ನು ಹಿಡಿದು ನಿಂತವರಾರು? ಇರುವ ಟೈರೇ ಬಿಸಿಲಿಗೂ ಆಗಬೇಕು, ಮಳೆಗೂ ಆಗಬೇಕು. ಪಂದ್ಯದವರಿಂದ ನಾವು ಕಲಿಯತಕ್ಕದ್ದು ಬೇರೊಂದುಂಟು: ಒದ್ದೆ ದಾರಿಯಲ್ಲಿ ಅವರು ಯಾವುದನ್ನೂ ಥಟ್ಟನೆ ಮಾಡುವುದಿಲ್ಲ. ವೇಗವನ್ನು ಏರಿಸುವುದು, ಇಳಿಸುವುದು, ಗಾಡಿಯನ್ನು ಬಾಗಿಸುವುದು ಎಲ್ಲವೂ ಹಾಲಿಗೆ ಹೆಪ್ಪುಹಾಕುವ ಕೈಯಂತೆ ಮೃದುವಾಗಿರುತ್ತದೆ.

ಬ್ರೇಕಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ರೂಢಿಯಲ್ಲಿದೆ. ಮುಂದಿನ ಬ್ರೇಕು ಬೀಳಿಸುತ್ತದೆಂದು ಹೆದರಿ ಹಿಂದಿನದನ್ನು ಮಾತ್ರ ತುಳಿಯುವವರು ಬಹುಮಂದಿ. ಬ್ರೇಕು ಹಾಕಿದೊಡನೆ ಭಾರವು ಮುಂದಕ್ಕೆ ಸರಿಯುವುದರಿಂದ ಹಿಂದಿನ ಚಕ್ರವು ಹಗುರಾಗಿ ಬೇಗನೆ ಜಾರುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ, ಗಾಡಿ ನೆಟ್ಟಗಿರುವಾಗ ಹಾಕುವುದೇ ಸರಿಯಾದ ಕ್ರಮ; ತಿರುವಿನ ನಡುವೆ ಹಾಕದೆ ತಿರುವಿಗೆ ಮೊದಲೇ ವೇಗವನ್ನು ಇಳಿಸಬೇಕು. 2019ರ ಏಪ್ರಿಲಿನಿಂದ 125 ಸಿ.ಸಿ.ಗಿಂತ ಹೆಚ್ಚಿನ ಹೊಸ ಗಾಡಿಗಳಿಗೆ ಚಕ್ರವು ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು. ಅದು ಉಪಕಾರಿಯೇ ಹೌದು. ಆದರೆ ಸವೆದ ಟೈರಿಗೆ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು. ಹಳ್ಳದ ನೀರು ಹೊಕ್ಕ ಡ್ರಮ್ಮಿನ ಬ್ರೇಕು ಸ್ವಲ್ಪ ಹೊತ್ತು ಹಿಡಿಯುವುದಿಲ್ಲ; ನಿಧಾನವಾಗಿ ಓಡಿಸುತ್ತ ಲಘುವಾಗಿ ಒತ್ತಿ ಅದನ್ನು ಒಣಗಿಸಿಕೊಳ್ಳಬೇಕು. ಮಳೆಯಲ್ಲಿ ನೆನೆದ ಚೈನಿಗೆ ಮನೆಗೆ ಬಂದ ಮೇಲೆ ಒರಸಿ ಎಣ್ಣೆ ಹಾಕಬೇಕು. ಆ ಎಣ್ಣೆಯ ಒಂದು ಹನಿಯೂ ಟೈರಿಗಾಗಲಿ ಬ್ರೇಕಿನ ಡಿಸ್ಕಿಗಾಗಲಿ ತಾಗಕೂಡದು.

ವೇಗದ ಲೆಕ್ಕವನ್ನು ಮನೆಯ ಮಕ್ಕಳೇ ಮಾಡಬಲ್ಲರು. ಒಣದಾರಿಯ ಘರ್ಷಣೆಯ ಪ್ರಮಾಣವನ್ನು 0.7 ಎಂದೂ ಒದ್ದೆ ದಾರಿಯದನ್ನು 0.45 ಎಂದೂ ಹಿಡಿಯೋಣ. ಅಪಾಯವನ್ನು ಕಂಡು ಕೈಯಾಡುವುದಕ್ಕೆ ಒಂದು ಸೆಕೆಂಡು ಬೇಕೆನ್ನೋಣ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ಒಣದಾರಿಯಲ್ಲಿ ನಿಲ್ಲಲು ಸುಮಾರು 37 ಮೀಟರು ಬೇಕು. ಒದ್ದೆ ದಾರಿಯಲ್ಲಿ ಸುಮಾರು 48 ಮೀಟರು. ಅದೇ ಒದ್ದೆ ದಾರಿಯಲ್ಲಿ 40ಕ್ಕೆ ಇಳಿಸಿದವನಿಗೆ 25 ಮೀಟರು ಸಾಕು. ವೇಗದಲ್ಲಿ ಮೂರನೆಯ ಒಂದು ಪಾಲನ್ನು ಬಿಟ್ಟರೆ ದೂರದಲ್ಲಿ ಅರ್ಧದಷ್ಟು ಉಳಿಯಿತಷ್ಟೆ. ಟೈರು ಸವೆದಿದ್ದರೆ ಈ ಲೆಕ್ಕವೂ ನಿಲ್ಲದು.

ನಮ್ಮ ತಾಲ್ಲೂಕುಗಳ ದಾರಿಗಳಲ್ಲಿ ವಿಶೇಷವಾಗಿ ಎಚ್ಚರಿಕೆ ಬೇಕಾದ ಸ್ಥಳಗಳುಂಟು. ಎರೆಹೊಲಗಳಿಂದ ಹೊರಟ ಟ್ರಾಕ್ಟರು ಡಾಂಬರಿನ ಮೇಲೆ ಬಿಟ್ಟುಹೋದ ಮಣ್ಣು ಒಂದು ಹನಿ ಮಳೆಗೆ ಬೆಣ್ಣೆಯಾಗುತ್ತದೆ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ತಿರುಗಾಡುವ ದಾರಿಯ ಕೆಂಧೂಳು ಹಾಗೆಯೇ. ಹೊಳಲ್ಕೆರೆ, ಹೊಸದುರ್ಗಗಳ ತೋಟಗಳ ನಡುವಿನ ನೆರಳು ದಾರಿಗಳು ಮಳೆ ನಿಂತ ಮೇಲೂ ಬಹಳ ಹೊತ್ತು ಒಣಗುವುದಿಲ್ಲ. ಚಿಕ್ಕಜಾಜೂರಿನ ಕಡೆಯಂಥ ರೈಲುದಾರಿಯ ಊರುಗಳಲ್ಲಿ ಹಳಿ ದಾಟುವಾಗ ಓರೆಯಾಗಿ ಹೋಗದೆ ಹಳಿಗೆ ಅಡ್ಡಲಾಗಿ ನೇರವಾಗಿ ದಾಟಬೇಕು. ಒದ್ದೆ ಕಬ್ಬಿಣಕ್ಕೆ ಹಿಡಿತವೆಂಬುದೇ ಇಲ್ಲ. ದಾರಿಯ ಮೇಲಿನ ಬಿಳಿಯ ಬಣ್ಣದ ಪಟ್ಟಿಗಳೂ ಹಾಗೆಯೇ ಜಾರುತ್ತವೆ. ಸುಗ್ಗಿಯ ಕಾಲದಲ್ಲಿ ದಾರಿಯ ಮೇಲೆಯೇ ಒಕ್ಕಣೆಗೆ ಹರಡಿದ ರಾಗಿ, ಹುರುಳಿಗಳ ಸೊಪ್ಪು ನೆನೆದಾಗ ಅದರ ಮೇಲೆ ಚಕ್ರ ನಿಲ್ಲುವುದಿಲ್ಲ. ಈ ಒಂದು ವಿಷಯದಲ್ಲಿ ಗೃಹಸ್ಥರ ಹೊಣೆ ಇಮ್ಮಡಿಯಾದುದು. ನಮ್ಮ ಕಾಳು ಬೇಗ ಉದುರಲೆಂದು ಬೇರೊಬ್ಬರ ಮಗನನ್ನು ಬೀಳಿಸುವುದು ಯಾವ ಧರ್ಮ? ಹಳ್ಳವು ಸೇತುವೆಯ ಮೇಲೆ ಹರಿಯುತ್ತಿದ್ದರಂತೂ ನೀರು ಇಳಿಯುವವರೆಗೆ ನಿಲ್ಲಬೇಕು.

ಹಿಂದೆ ಕುಳಿತವರಿಗೂ ಒಂದು ಮಾತು. ಓಡುವ ಗಾಡಿಯಲ್ಲಿ ಕೊಡೆ ಬಿಚ್ಚಿದರೆ ಗಾಳಿಯು ಅದನ್ನು ಹಾಯಿಯಂತೆ ಹಿಡಿದೆಳೆದು ಗಾಡಿಯ ತೂಕವನ್ನು ತಪ್ಪಿಸುತ್ತದೆ. ಸೀರೆಯ ಸೆರಗನ್ನೂ ಮಳೆಯಂಗಿಯ ಅಂಚನ್ನೂ ಚಕ್ರಕ್ಕೆ ಸಿಕ್ಕದಂತೆ ಒಳಕ್ಕೆ ಸೇರಿಸಿಕೊಳ್ಳಬೇಕು. ಹಿಂದಿನ ಸವಾರರಿಗೂ ಹೆಲ್ಮೆಟ್ಟು ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯವಾಗಿದೆ. ಅದು ಪೋಲೀಸರ ಸಮಾಧಾನಕ್ಕಾಗಿ ಅಲ್ಲ, ತಲೆಯ ರಕ್ಷಣೆಗಾಗಿ.

ಈ ಪರೀಕ್ಷೆಗಳಿಗೆ ಕಾಲವನ್ನು ಗೊತ್ತುಮಾಡಿಕೊಂಡರೆ ಮರೆವಿಗೆ ಎಡೆಯಿರುವುದಿಲ್ಲ. ಯುಗಾದಿಯಾದ ಮೇಲೆ, ಭರಣಿ ಹುಟ್ಟುವ ಮೊದಲು ಒಮ್ಮೆ. ಗೌರಿ ಗಣೇಶನ ಹಬ್ಬದ ಹೊತ್ತಿಗೆ, ಉತ್ತರೆ, ಹಸ್ತ, ಚಿತ್ತೆಗಳ ಮಳೆಗೆ ಮುಂಚೆ ಇನ್ನೊಮ್ಮೆ. ಆಯುಧಪೂಜೆಯ ದಿನ ಗಾಡಿಯನ್ನು ತೊಳೆಯಿಸಿ ಹೂವು ಕಟ್ಟುವುದು ಯುಕ್ತವೇ. ಆದರೆ ಹೊಳಪಿಗಾಗಿ ಟೈರಿಗೆ ಬಳಿಯುವ ಎಣ್ಣೆಯಂಥ ದ್ರವವು ನೆಲವನ್ನು ಮುಟ್ಟುವ ಭಾಗಕ್ಕೆ ತಗಲಿದರೆ, ನಮ್ಮಲ್ಲಿ ಮಳೆ ಹೆಚ್ಚಾಗಿರುವ ಆ ದಿನಗಳಲ್ಲಿಯೇ ಚಕ್ರವು ಜಾರುತ್ತದೆ. ಹೊಸ ಟೈರಿನ ಮೈಯೂ ಮೊದಮೊದಲು ನುಣುಪಾಗಿರುವುದರಿಂದ ಅದನ್ನು ಮಳೆಗೆ ಮುಂಚೆ ಹಾಕಿಸಿ, ನೂರಿನ್ನೂರು ಕಿಲೋಮೀಟರು ಒಣದಾರಿಯಲ್ಲಿ ನಿಧಾನವಾಗಿ ಓಡಿಸಿ ಪಳಗಿಸಬೇಕು. ಮಳೆ ಬಂದ ಮೇಲೆ ನೋಡೋಣವೆಂಬ ಮಾತು ಈ ಕಾರಣದಿಂದಲೂ ಸಲ್ಲದು.

ಖರ್ಚಿನ ಮಾತು ಬಂದೇ ಬರುತ್ತದೆ. ಕಾಳು ಮಾರಿದ ಮೇಲೆ, ಅಡಿಕೆಯ ಹಣ ಕೈಸೇರಿದ ಮೇಲೆ ಟೈರು ಹಾಕಿಸೋಣವೆಂದು ಮುಂದಕ್ಕೆ ಹಾಕುವ ಮನೆಗಳು ಬಹಳ. ಆದರೆ ಮಳೆಯು ನಮ್ಮ ಸುಗ್ಗಿಗಾಗಿ ಕಾಯುವುದಿಲ್ಲ. ಬೀಜಗೊಬ್ಬರಗಳ ಖರ್ಚಿನ ಪಟ್ಟಿಯಲ್ಲಿಯೇ ಟೈರನ್ನೂ ಸೇರಿಸಿಬಿಡುವುದು ಜಾಣತನ. ಇನ್ನೊಂದು ಸಿದ್ಧತೆಗಂತೂ ಕಾಸೇ ಬೇಡ. ಮಳೆಯ ಸಂಜೆ ಹುಡುಗನು ದೂರವಾಣಿಯಲ್ಲಿ ಮಾತಾಡಿದಾಗ "ಎಲ್ಲಿದ್ದೀಯೆ, ಎಷ್ಟು ಹೊತ್ತು?" ಎಂದು ಅವಸರಪಡಿಸುವ ಬದಲು, "ಅಲ್ಲಿಯೇ ಎಲ್ಲಿಯಾದರೂ ನಿಂತುಕೋ ಮಗು, ಮಳೆ ನಿಂತ ಮೇಲೆ ಬಾ, ಊಟ ಎತ್ತಿಟ್ಟಿರುತ್ತೇವೆ" ಎಂದು ಹಿರಿಯರು ಹೇಳಬೇಕು. ತಡವಾದರೆ ಮನೆಯಲ್ಲಿ ಬೈಗುಳವಿಲ್ಲವೆಂದು ಬಲ್ಲವನು ನಿಧಾನವಾಗಿ ಬರುತ್ತಾನೆ.